ಎದುರಾಳಿಯ ಕಾರನ್ನು ಬಿಚ್ಚಿ ನೋಡಿದರೆ ಸಾಲದೇ, ಓಡಿಸಿಯೂ ನೋಡಬೇಕೇ?

ಪ್ರಶ್ನೆ: ಧರ್ಮಸ್ಥಳದ ಕಾರು ಮ್ಯೂಸಿಯಂ ನೋಡಿ ಬಂದಾಗಿನಿಂದ ಹಳೇ ಕಾರುಗಳ ಹುಚ್ಚು ಹಿಡಿದಿದೆ. ರೋಲ್ಸ್‌ರಾಯ್ಸ್, ಬೆಂಟ್ಲಿ ಕಾಲದಲ್ಲೂ ಒಂದು ಕಂಪನಿಯವರು ಇನ್ನೊಂದು ಕಂಪನಿಯ ಕಾರನ್ನು ತಂದು ಪರೀಕ್ಷೆ ಮಾಡ್ತಿದ್ರಂತೆ, ನಿಜವಾ? ಬಿಚ್ಚಿ ನೋಡಿದರೆ ಎಲ್ಲ ಗೊತ್ತಾಗುತ್ತಲ್ಲ, ರಸ್ತೆಯಲ್ಲಿ ಓಡಿಸೋದು ಯಾಕೆ? ಅದು ಒಂಥರಾ ಕದ್ದ ಹಾಗೇ ಅಲ್ವಾ? ಇನ್ನೊಂದು ವಿಷಯ. ನನ್ನ ಸೋದರಮಾವನ ಹತ್ತಿರ 1929ರ ಆಸ್ಟಿನ್ ಸೆವೆನ್ ಇದೆ, ಅವರ ಗೆಳೆಯರ ಹತ್ತಿರ ಅದೇ ವರ್ಷದ ಮಾರಿಸ್ ಮೈನರ್ ಇದೆ. ಯಾವುದು ಒಳ್ಳೆಯ ಕಾರು ಅಂತ ಇಬ್ಬರಿಗೂ ಜಗಳ. ಎರಡನ್ನೂ ಓಡಿಸಿ ನೋಡಿ ತೀರ್ಮಾನ ಹೇಳು ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಹೇಗೆ ಮಾಡಲಿ?

ಉತ್ತರ: ಜಗಳದ ತೀರ್ಮಾನ ನಿಮ್ಮಿಂದ ಆಗೋದಿಲ್ಲ ಬಿಡಿ. ಆದರೆ ಪರೀಕ್ಷೆ ಸರಿಯಾಗಿ ಮಾಡಬಹುದು. ಮೊದಲು ನಿಮ್ಮ ಹಳೇ ಪ್ರಶ್ನೆಗಳಿಗೆ ಬರೋಣ.

ನೀವು ಕೇಳಿದ್ದು ನಿಜ. ರೋಲ್ಸ್‌ರಾಯ್ಸ್ ಕಾರು ಹುಟ್ಟಿದ್ದೇ ಬೇರೆಯವರ ಕಾರಿನಿಂದ ಅಂದರೂ ತಪ್ಪಿಲ್ಲ. ಹೆನ್ರಿ ರಾಯ್ಸ್ ಮ್ಯಾಂಚೆಸ್ಟರಿನಲ್ಲಿ ಕರೆಂಟಿನ ಡೈನಮೊ, ಕ್ರೇನು ಮಾಡಿಕೊಂಡಿದ್ದವರು. 1903ರ ಹೊತ್ತಿಗೆ ಅವರು ಡೆಕೊವಿಲ್ ಅನ್ನೋ ಫ್ರೆಂಚ್ ಕಾರನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡರು. ಎರಡು ಸಿಲಿಂಡರಿನ, 10 ಅಶ್ವಶಕ್ತಿಯ ಸಾಧಾರಣ ಗಾಡಿ. ಅದನ್ನು ಓಡಿಸಿದರು, ಬಿಚ್ಚಿದರು, ಎಲ್ಲೆಲ್ಲಿ ಸದ್ದು ಬರುತ್ತೆ, ಎಲ್ಲೆಲ್ಲಿ ಕೈ ಕೊಡುತ್ತೆ ಅಂತ ನೋಡಿದರು. ಆಮೇಲೆ ಅದೇ ಅಳತೆಯ ತಮ್ಮದೇ ಕಾರು ಮಾಡಿದರು. ಅದು ಮೊದಲ ಸಲ ರಸ್ತೆಗೆ ಇಳಿದದ್ದು 1904ರ ಏಪ್ರಿಲ್ 1ರಂದು. ಮುಂದಿನ ತಿಂಗಳೇ ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ, ಲಂಡನ್ನಿನಲ್ಲಿ ಕಾರು ಮಾರುತ್ತಿದ್ದ ಚಾರ್ಲ್ಸ್ ರೋಲ್ಸ್ ಅವರನ್ನು ಭೇಟಿಯಾದರು. ಉಳಿದದ್ದು ನಿಮಗೆ ಗೊತ್ತೇ ಇದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ರಾಯ್ಸ್ ಆ ಕಾರನ್ನು ದಿನಾ ಬಳಸಿದವರು. ಬರೀ ಬಿಚ್ಚಿಟ್ಟಿದ್ದರೆ ಅವರಿಗೆ ಒಂದಿಷ್ಟು ಭಾಗಗಳ ಅಳತೆ ಸಿಗುತ್ತಿತ್ತು, ಅಷ್ಟೇ. ಯಾವ ಭಾಗದಿಂದ ಡ್ರೈವರಿಗೆ ಕಿರಿಕಿರಿ ಅನ್ನೋದು ಓಡಿಸಿದವನಿಗೆ ಮಾತ್ರ ಗೊತ್ತಾಗುತ್ತೆ.

ಇನ್ನೂ ಒಂದು ಕಾರಣ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಟೆಸ್ಟಿಂಗ್ ಕೆಲಸದಲ್ಲಿರುವ ಯಾರನ್ನಾದರೂ ಕೇಳಿ, ಒಂದೇ ಕಾರನ್ನು ವರ್ಷಗಟ್ಟಲೆ ಓಡಿಸಿದರೆ ಅದರ ದೋಷ ಕಾಣೋದೇ ನಿಂತುಹೋಗುತ್ತೆ. ಕ್ಲಚ್ ಗಟ್ಟಿ ಇದ್ದರೆ ಕಾಲು ಒಗ್ಗಿಕೊಳ್ಳುತ್ತೆ, ಸ್ಟಿಯರಿಂಗ್ ಎಡಕ್ಕೆ ಎಳೆದರೆ ಕೈ ತಾನಾಗೇ ಸರಿಮಾಡಿಕೊಳ್ಳುತ್ತೆ. ಪಕ್ಕದ ಮನೆಯಲ್ಲಿ ಉಂಡು ಬಂದಾಗಲೇ ನಮ್ಮನೆ ಸಾರಿಗೆ ಉಪ್ಪು ಜಾಸ್ತಿ ಅಂತ ಹೊಳೆಯೋದು. ಎದುರಾಳಿಯ ಕಾರನ್ನು ಓಡಿಸೋದರ ಮುಖ್ಯ ಲಾಭ ಅದೇ. ಅವರ ಗುಟ್ಟಿಗಿಂತ ನಮ್ಮ ಕೊರತೆ ಬೇಗ ತಿಳಿಯುತ್ತೆ.

ಇದಕ್ಕೆ ಒಳ್ಳೇ ಉದಾಹರಣೆ 1924ರದ್ದು. ಬೆಂಟ್ಲಿ ಕಂಪನಿ ಕಟ್ಟಿದ ಡಬ್ಲ್ಯು. ಒ. ಬೆಂಟ್ಲಿ ಆಗ ತಮ್ಮ ಮೊದಲ 6 ಸಿಲಿಂಡರ್ ಕಾರನ್ನು ಗುಟ್ಟಾಗಿ ಪರೀಕ್ಷೆ ಮಾಡ್ತಿದ್ದರು. ಅವರ 3 ಲೀಟರ್ ಕಾರು ಓಟಕ್ಕೆ ಹೆಸರಾಗಿತ್ತು. ಆದರೆ ಗಿರಾಕಿಗಳು ಅದರ ಮೇಲೆ ದೊಡ್ಡ ದೊಡ್ಡ ಮುಚ್ಚಿದ ಬಾಡಿ ಕಟ್ಟಿಸಿ, ಆಮೇಲೆ ಪಿಕಪ್ ಇಲ್ಲ ಅಂತ ದೂರುತ್ತಿದ್ದರು. ಅದಕ್ಕೇ ಈ ಹೊಸ ಎಂಜಿನ್. ಸಿಲಿಂಡರಿನ ಅಗಲ 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 140, ಒಟ್ಟು 4.2 ಲೀಟರಿನಷ್ಟು. ಗುರುತು ಸಿಗಬಾರದು ಅಂತ ಮುಂದೆ ಒಂದು ವಿಕಾರವಾದ ರೇಡಿಯೇಟರ್ ಕೂರಿಸಿದ್ದರು. ಕಾಗದದಲ್ಲೂ ಬೆಂಟ್ಲಿ ಅಂತ ಇರಲಿಲ್ಲ. ‘ದಿ ಸನ್’ ಅಂತ ನೋಂದಾಯಿಸಿದ್ದರು.

ಪರೀಕ್ಷೆಗೆ ಈ ಕಾರನ್ನು ಫ್ರಾನ್ಸಿಗೆ ಒಯ್ದರು. ಫ್ರಾನ್ಸಿಗೇ ಯಾಕೆ ಅನ್ನಿಸಬಹುದು. ಬ್ರಿಟನ್ನಿನಲ್ಲಿ ಆಗ ವೇಗದ ಮಿತಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. 1903ರಲ್ಲಿ ಬಂದ ಆ ಕಾನೂನು 1930ರವರೆಗೂ ಹಾಗೇ ಇತ್ತು! ಯಾರೂ ಅಷ್ಟಾಗಿ ಪಾಲಿಸುತ್ತಿರಲಿಲ್ಲ ಅನ್ನೋದು ಬೇರೆ ಮಾತು. ಆದರೂ ದಿನವಿಡೀ ಜೋರಾಗಿ ಓಡಿಸಿ ನೋಡೋಕೆ ಫ್ರಾನ್ಸಿನ ನೆಟ್ಟಗಿನ ಸಾಲುಮರದ ರಸ್ತೆಗಳೇ ಬೇಕಿದ್ದವು. ರೋಲ್ಸ್‌ರಾಯ್ಸ್ ಕೂಡ ಅಲ್ಲಿಗೇ ಹೋಗುತ್ತಿತ್ತು. ಮಧ್ಯ ಫ್ರಾನ್ಸಿನ ಶಾತೊರೂ ಪಟ್ಟಣದಲ್ಲಿ ಅವರದೊಂದು ಟೆಸ್ಟಿಂಗ್ ಠಾಣೆಯೇ ಇತ್ತು. ಹೊಸ ಮಾದರಿಯ ಕಾರು ಅಲ್ಲಿ 10,000 ಮೈಲಿ ಓಡಿ ಬರಬೇಕಿತ್ತು.

ಲಿಯಾನ್‌ನಲ್ಲಿ ಫ್ರೆಂಚ್ ಗ್ರ್ಯಾನ್ ಪ್ರಿ ಕಾರ್ ರೇಸ್ ನೋಡಿಕೊಂಡು ಬೆಂಟ್ಲಿ ತಮ್ಮ ಗುಟ್ಟಿನ ಕಾರಿನಲ್ಲಿ ವಾಪಸ್ ಬರುತ್ತಿದ್ದರು. ರಸ್ತೆ ಕೂಡುವ ಒಂದು ಜಾಗದಲ್ಲಿ ಇನ್ನೊಂದು ವಿಚಿತ್ರ ಕಾರು ಎದುರಾಯಿತು. ಅದೂ ವೇಷ ಮರೆಸಿಕೊಂಡ ಕಾರೇ, ರೋಲ್ಸ್‌ರಾಯ್ಸಿನ ಮುಂದಿನ ಮಾದರಿ, ಆಮೇಲೆ ಫ್ಯಾಂಟಮ್ ಅಂತ ಹೆಸರಾದದ್ದು. ಇವರು ಅವರನ್ನು ಗುರುತಿಸಿದರು, ಅವರು ಇವರನ್ನು. ಮುಂದೇನು ಕೇಳಬೇಕೇ? ಎರಡೂ ಕಾರು ಅಕ್ಕಪಕ್ಕದಲ್ಲೇ ಪೂರ್ತಿ ಆಕ್ಸಿಲರೇಟರ್ ಒತ್ತಿಕೊಂಡು ಹೊರಟವು. ಮೈಲಿಗಟ್ಟಲೆ ಓಡಿದರೂ ಒಂದು ಇನ್ನೊಂದನ್ನು ಬಿಟ್ಟು ಮುಂದೆ ಹೋಗಲಿಲ್ಲ. ಕೊನೆಗೆ ರೋಲ್ಸ್‌ರಾಯ್ಸಿನಲ್ಲಿದ್ದ ಒಬ್ಬರ ಟೋಪಿ ಹಾರಿಹೋಗಿ, ಅದನ್ನು ಎತ್ತಿಕೊಳ್ಳೋಕೆ ಅವರು ನಿಲ್ಲಿಸಬೇಕಾಯಿತು. ಬೆಂಟ್ಲಿಯವರೇ ಮುಂದೆ ಹೇಳಿಕೊಂಡ ಕಥೆ ಇದು.

4.2 ಲೀಟರಿನ ಕಾರು 7.7 ಲೀಟರಿನ ಕಾರಿಗೆ ಸರಿಸಮ ಓಡಿತು ಅಂದರೆ ನಾವು ನೀವು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆವು. ಬೆಂಟ್ಲಿ ಊರಿಗೆ ಹೋಗಿ ಎಂಜಿನ್ನನ್ನೇ ದೊಡ್ಡದು ಮಾಡಿದರು. ಸ್ಟ್ರೋಕ್ ಹಾಗೇ ಇಟ್ಟು ಸಿಲಿಂಡರಿನ ಅಗಲ 80ರಿಂದ 100 ಮಿ.ಮೀ.ಗೆ ಏರಿಸಿದರು. 6,597 ಸಿ.ಸಿ. ಆಯಿತು, ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅದೇ 1925ರಲ್ಲಿ ಹೊರಬಂದ ಬೆಂಟ್ಲಿ ಆರೂವರೆ ಲೀಟರ್.

ಯಾಕೆ ಹಾಗೆ ಮಾಡಿದರು? ಅವರ ಎಂಜಿನ್ ತನ್ನ ಶಕ್ತಿಯ ಕೊನೇ ಹನಿ ಹಿಂಡಿ ಸರಿಸಮ ನಿಂತಿತ್ತು. ಈ ದರ್ಜೆಯ ಕಾರು ಕೊಳ್ಳುವವನಿಗೆ ಟಾಪ್ ಸ್ಪೀಡಿಗಿಂತ ಮುಖ್ಯವಾದದ್ದು ಎಂಜಿನ್ ಏದುಸಿರು ಬಿಡದೆ ಓಡೋದು. ದೊಡ್ಡ ಎಂಜಿನ್ ಆರಾಮಾಗಿ ಮಾಡುವ ಕೆಲಸವನ್ನು ಚಿಕ್ಕ ಎಂಜಿನ್ ಕಷ್ಟಪಟ್ಟು ಮಾಡಿದರೆ ವಾಚಿನಲ್ಲಿ ಎರಡೂ ಒಂದೇ ಕಾಣುತ್ತೆ. ಕೂತವನಿಗೆ ಒಂದೇ ಅನ್ನಿಸೋದಿಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ತಮ್ಮ ಕಾರೊಂದನ್ನೇ ಎಷ್ಟು ಸುತ್ತು ಹೊಡೆದಿದ್ದರೂ ಇದು ಅಷ್ಟು ಖಚಿತವಾಗಿ ಗೊತ್ತಾಗುತ್ತಿರಲಿಲ್ಲ ಅಂತ ನನಗನ್ನಿಸುತ್ತೆ.

ಅಂದಹಾಗೆ ರೋಲ್ಸ್‌ರಾಯ್ಸಿನವರ ಗುಟ್ಟು ಕಾಯುವ ಉಪಾಯ ಇನ್ನೂ ಮಜವಾಗಿತ್ತು. ಫ್ಯಾಂಟಮ್ ಯೋಜನೆಗೆ ಅವರು ಇಟ್ಟ ಗುಪ್ತ ಹೆಸರು ‘ಈಸ್ಟರ್ನ್ ಆರ್ಮರ್ಡ್ ಕಾರ್’. ಪೂರ್ವದ ದೇಶಗಳಿಗೆ ಯುದ್ಧದ ಗಾಡಿ ಮಾಡುತ್ತಿದ್ದಾರೆ ಅಂತ ಜನ ನಂಬಲಿ ಎಂದು ಫ್ಯಾಕ್ಟರಿಯಲ್ಲಿ ಅಲ್ಲಲ್ಲಿ ಉಕ್ಕಿನ ಕವಚದ ತಗಡುಗಳನ್ನೂ ಬಿಸಾಕಿದ್ದರಂತೆ.

ಈಗ ಕಳ್ಳತನದ ಪ್ರಶ್ನೆ. ಎಲ್ಲರಿಗೂ ಮಾರಾಟಕ್ಕಿರುವ ಕಾರನ್ನು ದುಡ್ಡು ಕೊಟ್ಟು ತಂದು ಓಡಿಸೋದರಲ್ಲಿ, ಬಿಚ್ಚೋದರಲ್ಲಿ ತಪ್ಪೇನೂ ಇಲ್ಲ. ಇವತ್ತೂ ಎಲ್ಲ ಕಂಪನಿಗಳೂ ಅದನ್ನೇ ಮಾಡುತ್ತವೆ, ಬೆಂಚ್‌ಮಾರ್ಕಿಂಗ್ ಅಂತ ಅದಕ್ಕೊಂದು ವಿಭಾಗವೇ ಇರುತ್ತೆ. ನೋಡಿದ್ದನ್ನು ಆಮೇಲೆ ಏನು ಮಾಡುತ್ತೀರಿ ಅನ್ನೋದರ ಮೇಲೆ ನಿಮ್ಮ ಪ್ರಶ್ನೆಯ ಉತ್ತರ ನಿಂತಿದೆ.

ಹಿಸ್ಪಾನೊ ಸುಯಿಝಾ ಅನ್ನೋ ಕಾರು ಕಂಪನಿಯ ಪ್ರಸಂಗ ನೋಡಿ. 1919ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಎಚ್6 ಕಾರು ಬಂತು. ಮಾರ್ಕ್ ಬಿರ್ಕಿಗ್ಟ್ ಅನ್ನೋ ಸ್ವಿಸ್ ಎಂಜಿನಿಯರ್ ಮಾಡಿದ್ದು. ಅದರ ಎಂಜಿನ್ನೂ 100 ಮಿ.ಮೀ. ಅಗಲ, 140 ಸ್ಟ್ರೋಕ್, 6,597 ಸಿ.ಸಿ. ಹೌದು, ಬೆಂಟ್ಲಿಯ ಲೆಕ್ಕವೇ, ಅವರಿಗಿಂತ ಆರು ವರ್ಷ ಮೊದಲು. ಆದರೆ ಎಲ್ಲರೂ ಬಾಯಿಬಿಟ್ಟು ನೋಡಿದ್ದು ಅದರ ಬ್ರೇಕನ್ನು. ಆಗಿನ ದೊಡ್ಡ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಇರೋದು ಸಾಮಾನ್ಯ. ಇದರಲ್ಲಿ ನಾಲ್ಕೂ ಚಕ್ರಕ್ಕೆ ಇತ್ತು. ಅದರ ಜೊತೆಗೆ, ಓಡುವ ಕಾರಿನ ಶಕ್ತಿಯನ್ನೇ ಬಳಸಿ ಬ್ರೇಕ್ ಎಳೆಯುವ ಒಂದು ಸರ್ವೊ ಇತ್ತು. ಗೇರ್‌ಬಾಕ್ಸಿನಿಂದ ತಿರುಗುವ ಒಂದು ಡ್ರಮ್ಮು. ಡ್ರೈವರ್ ಪೆಡಲ್ ಒತ್ತಿದಾಗ ಅದಕ್ಕೊಂದು ಪಟ್ಟಿ ಬಿಗಿಯಾಗುತ್ತೆ. ಆ ಪಟ್ಟಿ ಡ್ರಮ್ಮಿನ ಜೊತೆ ತಿರುಗೋಕೆ ಹೋಗಿ ಬ್ರೇಕಿನ ಸರಳುಗಳನ್ನು ಜಗ್ಗುತ್ತೆ. ಕಾಲಿನ ಬಲ ಸ್ವಲ್ಪ ಸಾಕು, ಉಳಿದದ್ದನ್ನು ಕಾರೇ ಮಾಡಿಕೊಳ್ಳುತ್ತೆ.

ರೋಲ್ಸ್‌ರಾಯ್ಸ್ ಮುಂದಿನ ಚಕ್ರದ ಬ್ರೇಕಿಗೆ ಬೇಗ ಕೈ ಹಾಕಲಿಲ್ಲ. ಮುಂದಿನ ಚಕ್ರಕ್ಕೆ ಬ್ರೇಕ್ ಕಟ್ಟಿದರೆ ಆ್ಯಕ್ಸಲ್ ಮೇಲೆ ತಿರುಚುವ ಬಲ ಬೀಳುತ್ತೆ, ಚಕ್ರದ ತೂಕ ಜಾಸ್ತಿಯಾಗುತ್ತೆ, ಸ್ಟಿಯರಿಂಗ್ ಗಡಗಡ ನಡುಗೋಕೆ ಶುರುವಾಗಬಹುದು. ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟು ಎಷ್ಟು ಹೊತ್ತು ನೋಡಿದರೂ ಈ ನಡುಕ ಕಾಣೋದಿಲ್ಲ. ಇಂಥಾ ವೇಗ, ಇಂಥಾ ಟೈರ್, ಇಂಥಾ ರಸ್ತೆ ಕೂಡಿದಾಗ ಮಾತ್ರ ಬರುವ ರೋಗ ಅದು. ಎದುರಾಳಿಯ ಕಾರು ಆ ರೋಗ ಇಲ್ಲದೆ ಓಡುತ್ತಿದೆ ಅಂದರೆ, ಆಗೋ ಕೆಲಸ ಅಂತ ಧೈರ್ಯ ಬರುತ್ತೆ. ಕೊನೆಗೆ ರೋಲ್ಸ್‌ರಾಯ್ಸ್ ಹಿಸ್ಪಾನೊದಿಂದ ಲೈಸೆನ್ಸ್ ಪಡೆದು, ತನ್ನದೇ ಬದಲಾವಣೆ ಮಾಡಿಕೊಂಡು, 1924ರ ಹೊತ್ತಿಗೆ ನಾಲ್ಕು ಚಕ್ರದ ಸರ್ವೊ ಬ್ರೇಕ್ ಕೊಟ್ಟಿತು. 1960ರ ದಶಕದ ಸಿಲ್ವರ್ ಕ್ಲೌಡ್‌ವರೆಗೂ ಗೇರ್‌ಬಾಕ್ಸಿನಿಂದ ಓಡುವ ಸರ್ವೊ ಅವರಲ್ಲಿ ಉಳಿದುಕೊಂಡಿತ್ತು. ಅದರ ಒಂದು ಗುಣವನ್ನು ಓಡಿಸಿದವರೇ ಬಲ್ಲರು. ನಡೆದಾಡುವ ವೇಗದಲ್ಲಿ ಪೆಡಲ್ ಒತ್ತಿದರೆ ಸರ್ವೊ ಸ್ವಲ್ಪ ತಿರುಗುವವರೆಗೆ ಹಿಡಿತ ಬರೋದಿಲ್ಲ. ಒಂದು ಕ್ಷಣ ಎದೆ ಧಸಕ್ ಅನ್ನುತ್ತೆ, ಆಮೇಲೆ ಕಚ್ಚುತ್ತೆ. ನಕ್ಷೆ ನೋಡಿದವರಿಗೆ ಇದು ಹೊಳೆಯೋದು ಕಷ್ಟ.

ಇದು ಲೈಸೆನ್ಸ್ ಪಡೆದು ಮಾಡಿದ್ದು. ಯುದ್ಧ ಬಂದರೆ ಈ ಮರ್ಯಾದೆ ಇರೋದಿಲ್ಲ. 1914ರ ಗ್ರ್ಯಾನ್ ಪ್ರಿ ಗೆದ್ದ ತಂಡದ ಒಂದು ಮರ್ಸಿಡಿಸ್ ಯುದ್ಧ ಶುರುವಾದಾಗ ಲಂಡನ್ನಿನಲ್ಲೇ ಉಳಿದುಬಿಟ್ಟಿತ್ತು. ಅದನ್ನು ಡರ್ಬಿಗೆ, ರೋಲ್ಸ್‌ರಾಯ್ಸ್ ಕಾರ್ಖಾನೆಗೆ ಒಯ್ದು ಎಂಜಿನ್ ಬಿಚ್ಚಿ ನೋಡಿದರು, ವಿಮಾನದ ಎಂಜಿನ್ ಮಾಡೋಕೆ. ಆ ಕೆಲಸದಲ್ಲಿ ಕೈಜೋಡಿಸಿದವರು ಆಗ ನೌಕಾಪಡೆಯಲ್ಲಿದ್ದ ಇದೇ ಡಬ್ಲ್ಯು. ಒ. ಬೆಂಟ್ಲಿ.

ನಿಮ್ಮ ಮಾವನವರ ಆಸ್ಟಿನ್ನಿಗೂ ಇಂಥದ್ದೊಂದು ಕಥೆ ಇದೆ. ಆಸ್ಟಿನ್ ಸೆವೆನ್ನನ್ನು ಜರ್ಮನಿಯಲ್ಲಿ ಲೈಸೆನ್ಸ್ ಪಡೆದು ಡಿಕ್ಸಿ ಅಂತ ಮಾಡುತ್ತಿದ್ದರು, ಬಿ.ಎಂ.ಡಬ್ಲ್ಯು. ಕಾರಿನ ವ್ಯಾಪಾರಕ್ಕೆ ಇಳಿದದ್ದೇ ಆ ಕಂಪನಿಯನ್ನು ಕೊಂಡು. ಜಪಾನಿನ ಡಾಟ್ಸನ್ ಮಾತ್ರ ನಮ್ಮದನ್ನೇ ನಕಲು ಹೊಡೆದಿದೆ ಅಂತ ಹರ್ಬರ್ಟ್ ಆಸ್ಟಿನ್‌ಗೆ ಅನುಮಾನ. 1935ರ ಒಂದು ಡಾಟ್ಸನ್ನನ್ನು ಇಂಗ್ಲೆಂಡಿಗೆ ತರಿಸಿ ಪರೀಕ್ಷೆ ಮಾಡಿಸಿದರು. ದೂರು ಮಾತ್ರ ಕೊಡಲಿಲ್ಲ. ನೋಡೋಕೆ ಒಂದೇ ಥರ ಇದ್ದರೂ ಒಳಗೆ ಬೇರೆ ಇರಬಹುದು, ಬೇರೆ ಥರ ಕಂಡರೂ ಒಳಗೆ ಒಂದೇ ಇರಬಹುದು.

ಎದುರಾಳಿಯ ಜೊತೆ ಬಹಿರಂಗವಾಗಿಯೇ ಪರೀಕ್ಷೆಗೆ ಇಳಿದದ್ದೂ ಉಂಟು. 1911ರಲ್ಲಿ ನೇಪಿಯರ್ ಕಂಪನಿ ಲಂಡನ್ನಿನಿಂದ ಎಡಿನ್‌ಬರೋಗೆ ಪೂರ್ತಿ ಟಾಪ್ ಗೇರಿನಲ್ಲೇ ಕಾರು ಓಡಿಸಿ ತೋರಿಸಿತು. ಗ್ಯಾಲನ್ನಿಗೆ 19.35 ಮೈಲಿ, ಆಮೇಲೆ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ 76.42 ಮೈಲಿ. ರೋಲ್ಸ್‌ರಾಯ್ಸಿನವರು ಸುಮ್ನೆ ಕೂರಲಿಲ್ಲ. ಅದೇ ವರ್ಷ ಅವರ ಅರ್ನೆಸ್ಟ್ ಹೈವ್ಸ್ ಕಂಪನಿಯ ಸಿಲ್ವರ್ ಗೋಸ್ಟ್ ಕಾರು ತಗೊಂಡು ಅದೇ ದಾರಿಯಲ್ಲಿ ಟಾಪ್ ಗೇರಿನಲ್ಲೇ ಹೋಗಿ ಬಂದರು. ಗ್ಯಾಲನ್ನಿಗೆ 24.32 ಮೈಲಿ, ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ 78.26 ಮೈಲಿ ವೇಗ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 8.6 ಕಿ.ಮೀ., ವೇಗ 126. ಎರಡೂ ಪರೀಕ್ಷೆಗೆ ಮೂರನೆಯವರ ಉಸ್ತುವಾರಿ ಇತ್ತು, ರಾಯಲ್ ಆಟೊಮೊಬೈಲ್ ಕ್ಲಬ್ಬಿನದು. ಒಂದೇ ದಾರಿ, ಒಂದೇ ಗೇರು, ನಡುವೆ ನಂಬುವಂಥ ಒಬ್ಬ ಸಾಕ್ಷಿ. ಈ ಮೂರನ್ನು ನೀವೂ ಇಟ್ಟುಕೊಳ್ಳಿ.

ಇನ್ನು ನಿಮ್ಮ ಕೆಲಸ. ಎರಡೂ ಕಾರಿನ ಸ್ಥಿತಿ ಮೊದಲು ನೋಡಿ. ಟೈರ್ ಹಳೆಯದಾ, ಗಾಳಿ ಸರಿಯಿದೆಯಾ, ಬ್ರೇಕು ನಾಲ್ಕೂ ಕಡೆ ಸಮ ಹಿಡಿಯುತ್ತಾ, ಕಾರ್ಬುರೇಟರ್ ಮೂಲದ್ದಾ ಅಥವಾ ಯಾವುದೋ ಸ್ಕೂಟರಿನದಾ? ಇದು ಸರಿಯಿಲ್ಲದಿದ್ದರೆ ನೀವು ಆಸ್ಟಿನ್ನನ್ನೂ ಮಾರಿಸನ್ನೂ ಹೋಲಿಸುತ್ತಿಲ್ಲ, ಅವರಿಬ್ಬರ ಮೆಕ್ಯಾನಿಕ್‌ಗಳನ್ನು ಹೋಲಿಸುತ್ತಿದ್ದೀರಿ.

ಕಾಗದದ ಮೇಲೆ ಮಾರಿಸ್ ಮುಂದೆ. ಆಸ್ಟಿನ್ 747 ಸಿ.ಸಿ., ಸೈಡ್ ವಾಲ್ವ್, ಅಂದರೆ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ. ಮಾರಿಸ್ 847 ಸಿ.ಸಿ., ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಮೇಲ್ಗಡೆ. ಆದರೆ ಆ ಕ್ಯಾಮ್‌ಶಾಫ್ಟಿಗೆ ಹೋಗುವ ಚಾಲನೆ ನೆಟ್ಟಗೆ ನಿಂತ ಡೈನಮೊದ ಮೂಲಕ ಹಾದುಹೋಗುತ್ತೆ, ಮೇಲಿನ ಆಯಿಲ್ ಸೋರಿ ಡೈನಮೊ ಒಳಗೆ ಇಳಿಯೋದು ಈ ಎಂಜಿನ್ನಿನ ಹುಟ್ಟುಗುಣ. ಟೆಸ್ಟಿಗೆ ಮುಂಚೆ ಅದನ್ನು ಒರೆಸಿ, ಮುಗಿದ ಮೇಲೆ ಮತ್ತೆ ನೋಡಿ. ಎರಡೂ ಕಾರಿನ ಕ್ರ್ಯಾಂಕಿಗೆ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡಕ್ಕೆ, ಎರಡೇ ಬೇರಿಂಗ್. ಜಾಸ್ತಿ ರೇಸ್ ಮಾಡಿದರೆ ಕ್ರ್ಯಾಂಕ್ ಬಾಗಾಡುತ್ತೆ. ಟಾಪ್ ಸ್ಪೀಡ್ ನೋಡೋ ಆಸೆ ಬಿಟ್ಟುಬಿಡಿ.

ಆಸ್ಟಿನ್ ಹತ್ತುವಾಗ ಎರಡು ಎಚ್ಚರ. ಅದರ ಕ್ಲಚ್ಚಿನ ಚಲನೆ ತೀರಾ ಕಡಿಮೆ. ಮಾಮೂಲಿ ಕಾರಿನ ಥರ ನಿಧಾನಕ್ಕೆ ಬಿಡ್ತೀನಿ ಅಂದರೆ ಆಗೋದಿಲ್ಲ, ಪಾದದ ಹಿಮ್ಮಡಿ ನೆಲಕ್ಕೆ ಊರಿ ಬೆರಳಿನಿಂದಲೇ ಆಡಿಸಬೇಕು. ಮೊದಲ ಸಲ ಎಲ್ಲರೂ ಕಪ್ಪೆ ಕುಪ್ಪಳಿಸಿದ ಹಾಗೇ ಹೊರಡೋದು, ನಾಚಿಕೆ ಬೇಡ. ಎರಡನೆಯದು ಗಂಭೀರ. 1929ರ ಆಸ್ಟಿನ್ನಿನಲ್ಲಿ ಕಾಲಿನ ಬ್ರೇಕ್ ಹಿಂದಿನ ಚಕ್ರಕ್ಕೆ, ಕೈ ಬ್ರೇಕ್ ಮುಂದಿನ ಚಕ್ರಕ್ಕೆ. ಎರಡನ್ನೂ ಸೇರಿಸಿದ್ದು 1930ರಲ್ಲಿ. ತುರ್ತಾಗಿ ನಿಲ್ಲಬೇಕೆಂದರೆ ಎರಡನ್ನೂ ಬಳಸಬೇಕು. ಅದನ್ನು ಮೊದಲೇ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ.

ಯಾವ ಹಳೇ ಕಾರು ಹತ್ತಿದರೂ ಪೆಡಲ್ ಯಾವುದು ಎಲ್ಲಿದೆ ಅಂತ ಬಗ್ಗಿ ನೋಡಿಯೇ ಹತ್ತಿ. ಆ ಕಾಲದ ಬೆಂಟ್ಲಿಗಳಲ್ಲಿ ಆಕ್ಸಿಲರೇಟರ್ ನಡುವೆ, ಬ್ರೇಕ್ ಬಲಗಡೆ. ಬೇರೆ ಕಾರಿಗೆ ಒಗ್ಗಿದ ಕಾಲು ಗಾಬರಿಯಲ್ಲಿ ನಡುವಿನ ಪೆಡಲ್ ಮೆಟ್ಟಿದರೆ ನಿಲ್ಲಬೇಕಾದ ಕಾರು ಜಿಗಿಯುತ್ತೆ.

ಅಳತೆಗೆ ಬರೋಣ. ಕಾರಿನ ಸ್ಪೀಡೋಮೀಟರ್ ನಂಬಬೇಡಿ, ಮೊಬೈಲಿನ ಜಿಪಿಎಸ್ ನೋಡಿ. ಆಗಿನವರು ಮೈಲಿಗಲ್ಲು, ಸ್ಟಾಪ್‌ವಾಚ್ ಹಿಡಿದು ಮಾಡುತ್ತಿದ್ದರು. 1928ರಲ್ಲಿ ರಸ್ತೆ ಪರೀಕ್ಷೆಗಳನ್ನು ಕ್ರಮವಾಗಿ ಛಾಪಿಸೋಕೆ ಶುರುಮಾಡಿದ ‘ದಿ ಆಟೊಕಾರ್’ ಪತ್ರಿಕೆ ಒಂದು ಅಂಕಿಗೆ ತುಂಬಾ ಬೆಲೆ ಕೊಡುತ್ತಿತ್ತು: ಗಂಟೆಗೆ 10 ಮೈಲಿಯಿಂದ 30 ಮೈಲಿಗೆ ಏರೋಕೆ ಒಂದೊಂದು ಗೇರಿನಲ್ಲಿ ಎಷ್ಟು ಸೆಕೆಂಡು. ನಿಮಗೂ ಅದೇ ಸಾಕು. ಟಾಪ್ ಗೇರಿನಲ್ಲಿ 16ರಿಂದ 48 ಕಿ.ಮೀ.ಗೆ ಏರಿಸಿ. ಅದೇ ರಸ್ತೆಯಲ್ಲಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಮಾಡಿ ಸರಾಸರಿ ತೆಗೆಯಿರಿ. ಕಣ್ಣಿಗೆ ಕಾಣದ ಇಳಿಜಾರು, ಎದುರು ಗಾಳಿ ಎರಡೂ ಹಾಗೆ ಸರಿಹೋಗುತ್ತೆ. ಈಗಿನಂತೆ ಗೇರು ತಾನಾಗೇ ಹೊಂದಿಕೊಳ್ಳದ ಆ ಕಾಲದ ಕ್ರ್ಯಾಶ್ ಗೇರ್‌ಬಾಕ್ಸಿನಲ್ಲಿ ಗೇರು ಬದಲಿಸೋಕೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹಿಡಿಯುತ್ತೆ, ಟಾಪ್ ಗೇರ್ ಒಂದರಲ್ಲೇ ಅಳೆದರೆ ಡ್ರೈವರನ ಕೈಚಳಕ ಲೆಕ್ಕಕ್ಕೆ ಬರೋದಿಲ್ಲ.

ಆಮೇಲೆ ಸಮತಟ್ಟು ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಸುಮ್ನೆ ಬಿಡಿ. ಎಲ್ಲಿ ನಿಲ್ಲುತ್ತೋ ಗುರುತು ಹಾಕಿ. ಒಂದು ಕಾರು ತುಂಬಾ ಬೇಗ ನಿಂತರೆ ಯಾವುದೋ ಬ್ರೇಕ್ ಉಜ್ಜುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಇಷ್ಟು ಸುಲಭದ, ಇಷ್ಟು ವಿಷಯ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಆದರೂ ಯಾರೂ ಮಾಡೋದಿಲ್ಲ.

ಅಂಕಿ ಬರೆದ ಮೇಲೆ ಅಂಕಿಗೆ ಸಿಗದ್ದನ್ನೂ ಬರೆಯಿರಿ. ಆಸ್ಟಿನ್ನಿನ ಹಿಂದಿನ ಸ್ಪ್ರಿಂಗ್ ಕ್ವಾರ್ಟರ್ ಎಲಿಪ್ಟಿಕ್, ಅಂದರೆ ಪಟ್ಟೆಯ ಒಂದು ತುದಿ ಮಾತ್ರ ಚಾಸಿಗೆ ಬಿಗಿದದ್ದು. ತಿರುವಿನಲ್ಲಿ ಬಾಡಿ ವಾಲಿದಾಗ ಹಿಂದಿನ ಆ್ಯಕ್ಸಲ್ ತಾನೂ ಸ್ವಲ್ಪ ತಿರುಗುತ್ತೆ, ಹಿಂದಿನಿಂದ ಯಾರೋ ಸ್ಟಿಯರಿಂಗ್ ಮಾಡಿದ ಹಾಗೆ ಅನ್ನಿಸುತ್ತೆ. ಮಾರಿಸಿನಲ್ಲಿ ಸೆಮಿ ಎಲಿಪ್ಟಿಕ್, ಪಟ್ಟೆಯ ಎರಡೂ ತುದಿ ಚಾಸಿಗೇ ಸೇರಿದ್ದು. ಅದೇ ತಿರುವಿನಲ್ಲಿ ಅದೇ ವೇಗದಲ್ಲಿ ಎರಡನ್ನೂ ಓಡಿಸಿ, ವ್ಯತ್ಯಾಸ ಕೂತ ಜಾಗಕ್ಕೇ ತಿಳಿಯುತ್ತೆ.

ಮಾವನವರು ಮಾರಿಸ್ ಓಡಿಸಲಿ, ಅವರ ಗೆಳೆಯರು ಆಸ್ಟಿನ್ ಓಡಿಸಲಿ. ಇಳಿದ ಕೂಡಲೇ ಇಬ್ಬರೂ ಬೇರೆ ಬೇರೆ ಕೂತು, ಓಡಿಸಿದ ಕಾರಿನ ಬಗ್ಗೆ ಬರೆಯದೆ ತಮ್ಮ ಸ್ವಂತ ಕಾರಿನಲ್ಲಿ ಏನು ಕಡಿಮೆ ಅನ್ನಿಸಿತು ಅಂತ ಬರೆಯಲಿ. ಒಬ್ಬರದನ್ನು ಒಬ್ಬರು ನೋಡೋದು ಆಮೇಲೆ. ಪಟ್ಟಿ ಖಾಲಿ ಬಿಟ್ಟವರನ್ನು ಇನ್ನೊಂದು ಸುತ್ತು ಕಳಿಸಿ.

ರಸ್ತೆಗೆ ಇಳಿಸುವ ಮುಂಚೆ ಕಾಗದ ನೋಡಿಕೊಳ್ಳಿ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಬಹುದು, ನಂಬರಿನಲ್ಲಿ ರಾಜ್ಯದ ಅಕ್ಷರದ ಪಕ್ಕ ‘ವಿಎ’ ಅಂತ ಬರುತ್ತೆ. ಹಾಗೆ ನೋಂದಾಯಿಸಿದ ಕಾರನ್ನು ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಅವಕಾಶ ಇದೆ. ವಿಮೆ ಚಾಲ್ತಿಯಲ್ಲಿರಲಿ. ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆತಿರುತ್ತೆ, ಹಳೇ ರಬ್ಬರ್ ಪೈಪು, ವಾಷರ್ ಅದಕ್ಕೆ ತಡೆಯೋದಿಲ್ಲ. ಪೈಪು ಬದಲಿಸಿ, ಓಡಿಸಿ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ.